ಕಂಬಂ ಕಣಿವೆಯ ಅಟ್ಟಗಳಲ್ಲಿ ಕುಳಿತಿರುವ ಕನ್ನಡ

ತಮಿಳುನಾಡಿನ ಕಂಬಂ ಊರಿನಲ್ಲಿ ದೇವರಿಗೆ ಬಿಟ್ಟ ದನಗಳ ಒಂದು ಹಿಂಡಿದೆ. ತಮಿಳಿನಲ್ಲಿ ಅದು ತಂಬಿರಾನ್ ಮಾಡು. ಹಿಂಡಿನ ಒಡೆತನದ ಕನ್ನಡ ಒಕ್ಕಲು ಮನೆತನಗಳು ಅದನ್ನು ದೇವರ ಆವು ಎನ್ನುತ್ತವೆಂದು 1906ರ ಮದುರೆ ಜಿಲ್ಲಾ ಗೆಜೆಟಿಯರ್ ಬರೆಯುತ್ತದೆ. ಹಿಂಡಿಗೊಂದು ಪಟ್ಟದ ಹೋರಿ. ಹೊಸ ಹೋರಿಗೆ ಪಟ್ಟ ಕಟ್ಟಬೇಕಾದಾಗ ಆರಿಸುವ ಕೆಲಸ ಮನುಷ್ಯರದಲ್ಲ. ಒಳ್ಳೆಯ ದಿನ ನೋಡಿ, ಕರ್ಪೂರ ಹಚ್ಚಿ, ಬಾಳೆಹಣ್ಣು ಎಲೆಯಡಿಕೆ ಇಟ್ಟು, ಹಿಂಡಿನ ಮುಂದೆ ಕಬ್ಬಿನ ಕಟ್ಟು ಹಾಕುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿಟ್ಟ. 1909ರಲ್ಲಿ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ಹೊರತಂದಾಗ ಈ ಜನರ ವಿವರ ಅಲ್ಲಿಗೂ ಬಂತು. ಕಬ್ಬಿನ ಕಟ್ಟಿನ ಸುತ್ತ ನಿಂತವರು ಆ ಹೊತ್ತಿನಲ್ಲಿ ಏನು ಮಾತಾಡಿಕೊಂಡರು, ಅವರ ಕನ್ನಡ ಹೇಗಿತ್ತು ಎಂಬುದು ಮಾತ್ರ ಈ ಪುಸ್ತಕಗಳಲ್ಲಿ ಇಲ್ಲ.

ಆ ಕನ್ನಡ ಗ್ರಿಯರ್ಸನ್ ನಡೆಸಿದ ಭಾರತೀಯ ಭಾಷಾ ಸರ್ವೇಕ್ಷಣೆಯಲ್ಲೂ ಸಿಗುವುದಿಲ್ಲ. ಆ ದೊಡ್ಡ ಕೆಲಸದ ವ್ಯಾಪ್ತಿಯಿಂದ ಮದ್ರಾಸ್ ಪ್ರಾಂತವನ್ನೇ ಹೊರಗಿಡಲಾಗಿತ್ತು. ಹಳೆಯ ಪುಸ್ತಕಗಳು ಕಪ್ಪಿಲಿಯರೆಂದು ಕರೆಯುವ ಒಕ್ಕಲಿಗ ಗೌಂಡರು, ಅನುಪ್ಪರು ಮುಂತಾದ ಕನ್ನಡ ಮನೆಮಾತಿನವರು ಇವತ್ತಿಗೂ ಕಂಬಂ, ಚಿನ್ನಮನೂರು, ಬೋಡಿನಾಯಕ್ಕನೂರು, ತೇನಿ, ದಿಂಡುಗಲ್ ಕಡೆ ಇದ್ದಾರೆ. ಮಕ್ಕಳು ಓದುವುದು ತಮಿಳು, ಲಗ್ನಪತ್ರಿಕೆ ಅಚ್ಚಾಗುವುದು ತಮಿಳಿನಲ್ಲಿ, ಲೆಕ್ಕ ಬರೆಯುವುದೂ ತಮಿಳಿನಲ್ಲೇ. ಕನ್ನಡ ಇರುವುದು ಅಡುಗೆಮನೆ, ಜಗಲಿ, ತೋಟ, ನೆಂಟರ ಮನೆಯ ಮಾತಿನಲ್ಲಿ.

ಹೀಗೆ ಬಾಯಲ್ಲಷ್ಟೇ ಉಳಿದ ಭಾಷೆಯನ್ನು ಯಾರೂ ಉದ್ದೇಶಪಟ್ಟು ಧ್ವನಿಮುದ್ರಿಸದಿದ್ದರೂ, ಉದ್ದೇಶವಿಲ್ಲದೆ ಮುದ್ರಿಸಿಟ್ಟವನೊಬ್ಬನಿದ್ದಾನೆ. ಅವನು ಮದುವೆ ಮನೆಯ ವಿಡಿಯೊಗ್ರಾಫರ್.

ನಮ್ಮಲ್ಲಿ ವಿಡಿಯೊ ಬಂದದ್ದು 1982ರ ಏಷ್ಯಾಡ್ ಮತ್ತು ಬಣ್ಣದ ಟಿವಿಯ ಬೆನ್ನಿಗೆ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದಿದ್ದ ವಿಎಚ್‌ಎಸ್ ಕ್ಯಾಸೆಟ್, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳ ಫೋಟೊ ಸ್ಟುಡಿಯೊ ತನಕ ಬಂತು. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ, ಅದರ ಹಿಂದೆ ಹ್ಯಾಲೊಜನ್ ಲೈಟ್ ಹಿಡಿದು ವೈರ್ ಎಳೆದುಕೊಂಡು ಓಡಾಡುವ ಒಬ್ಬ ಹುಡುಗ: 1990ರ ದಶಕದ ಮದುವೆ ಎಂದರೆ ಇಷ್ಟು ಇರಲೇಬೇಕಿತ್ತು. ಕಂಬಂ ಕಣಿವೆಗೆ ಇದು ಇನ್ನೂ ಸಲೀಸಾಗಿ ಬಂತೆನ್ನಿ. ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು 1895ರಿಂದ ಹರಿಯುತ್ತಿರುವ ಊರುಗಳಿವು. ಭತ್ತ, ದ್ರಾಕ್ಷಿ, ಬಾಳೆ ಇಲ್ಲಿ; ಏಲಕ್ಕಿ ತೋಟ ಗಡಿಯಾಚೆ ಇಡುಕ್ಕಿಯ ಬೆಟ್ಟದಲ್ಲಿ; ವ್ಯಾಪಾರ ಬೋಡಿಯಲ್ಲಿ. ಬೆಳೆಗೆ ಬೆಲೆ ಬಂದ ವರ್ಷ ಮದುವೆಗಷ್ಟೇ ಅಲ್ಲದೆ ಕಿವಿ ಚುಚ್ಚುವ ಶಾಸ್ತ್ರಕ್ಕೂ, ಮಗಳು ದೊಡ್ಡವಳಾದ ಸಮಾರಂಭಕ್ಕೂ, ಗೃಹಪ್ರವೇಶಕ್ಕೂ ವಿಡಿಯೊ. ಒಂದು ದೊಡ್ಡ ಮನೆತನದ ಅಣ್ಣತಮ್ಮಂದಿರ ಕ್ಯಾಸೆಟ್‌ಗಳನ್ನೆಲ್ಲ ಒಟ್ಟು ಮಾಡಿದರೆ ನೂರು ಇನ್ನೂರು ಆಗುವುದು ಏನೇನೂ ಹೆಚ್ಚಲ್ಲ.

ಆದರೆ ಸ್ಟುಡಿಯೊದವರು ಮನೆಗೆ ಕೊಟ್ಟ ಕ್ಯಾಸೆಟ್ ಹಾಕಿ ನೋಡಿದರೆ ಕನ್ನಡ ಕೇಳಿಸುವುದು ಅಪರೂಪ. ಮಿಕ್ಸಿಂಗ್ ಮಾಡುವಾಗ ಮೂಲ ಸದ್ದನ್ನು ತೆಗೆದು ಸಿನಿಮಾ ಹಾಡು ಕೂರಿಸಿಬಿಡುತ್ತಿದ್ದರು. ಇಳಯರಾಜ ಹುಟ್ಟಿದ ಪಣ್ಣೈಪುರಂ ಇದೇ ತೇನಿ ಜಿಲ್ಲೆಯಲ್ಲಿದೆ, ಭಾರತಿರಾಜ ತೇನಿ ಪಕ್ಕದ ಅಲ್ಲಿನಗರಂನವರು. ಇಂಥ ಊರಲ್ಲಿ ಮದುವೆ ವಿಡಿಯೊಗೆ ಹಾಡಿನ ಬರ ಬರುತ್ತದೆಯೇ? ಹೃದಯದಾಕಾರದ ಕಿಟಕಿಯಲ್ಲಿ ವಧುವರರು, ಸುತ್ತ ಉದುರುವ ಗುಲಾಬಿ, ಹಿಂದೆ ಇಳಯರಾಜರ ಹಾಡು. ಬೀಗರು ಬಾಯಿ ಆಡಿಸುವುದು ಕಾಣುತ್ತದೆ, ಮಾತಿಲ್ಲ.

ಹಾಗಾಗಿ ರಾಶಿಯಲ್ಲಿ ಮೊದಲು ಹುಡುಕಬೇಕಾದದ್ದು ಎಡಿಟ್ ಆಗದ ಕ್ಯಾಸೆಟ್‌ಗಳನ್ನು. ಸ್ಟುಡಿಯೊದವರು ಕೊಟ್ಟ ಪ್ರತಿಗೆ ಬಣ್ಣದ ಹೊದಿಕೆ, ವಧುವರರ ಫೋಟೊ ಇರುತ್ತದೆ. ಕ್ಯಾಮೆರಾದಲ್ಲೇ ಓಡಿದ ಮೂಲ ಕ್ಯಾಸೆಟ್‌ಗೆ ಬರೀ ಒಂದು ಬಿಳಿ ಚೀಟಿ, ಅದರಲ್ಲಿ 1, 2, 3 ಎಂಬ ನಂಬರು. ಮನೆಯವರು ಅದನ್ನೇ ಮೊದಲು ಎಸೆಯುತ್ತಾರೆ, ಯಾಕೆಂದರೆ ಅದರಲ್ಲಿ ‘ಏನೂ ಇಲ್ಲ’. ಪಂಕ್ತಿಯ ಊಟ ಅರ್ಧ ಗಂಟೆ, ಮುಯ್ಯಿ ಬರೆಸುವವರ ಸಾಲು ಒಂದು ಗಂಟೆ, ಚಪ್ಪರದ ಕೆಳಗೆ ಅಜ್ಜಿಯರ ಹರಟೆ. ನನ್ನ ಮಟ್ಟಿಗೆ ಇರುವುದೆಲ್ಲ ಅದರಲ್ಲೇ. ಮದುರೆ, ತೇನಿ ಕಡೆ ಮುಯ್ಯಿಯನ್ನು ಮೈಕಿನಲ್ಲಿ ಕೂಗಿ ಹೇಳುವ ರೂಢಿ ಉಂಟು: ಯಾರು, ಯಾವ ಊರಿನವರು, ಎಷ್ಟು ಕೊಟ್ಟರು. ತಮಿಳಿನಲ್ಲಿ ಕೂಗಿದರೂ ಅದು ಆ ಬಳಗದ ವಿಳಾಸಪಟ್ಟಿ. ಮೈಕಿನ ಪಕ್ಕದಲ್ಲಿ ನಿಂತವರು ತಮ್ಮತಮ್ಮಲ್ಲಿ ಆಡುವ ಮಾತು ಕನ್ನಡ.

ಈ ಮಾತು ಟೇಪಿನ ಮೇಲೆ ಎಲ್ಲಿ ಕೂತಿರುತ್ತದೆ ಎಂದು ಗೊತ್ತಿದ್ದರೆ ಅದನ್ನು ಉಳಿಸುವ ದಾರಿ ಅರ್ಧ ತಿಳಿದಂತೆ.

ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಅದು ಸುಮಾರು 250 ಮೀಟರ್ ಉದ್ದ ಇರುತ್ತದೆ. ದೃಶ್ಯವನ್ನು ಬರೆಯುವ ಹೆಡ್‌ಗಳು ಒಂದು ಉರುಳೆಯ ಮೇಲಿದ್ದು, ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತ ಟೇಪಿನ ಮೇಲೆ ಓರೆಯಾದ ಗೆರೆಗಳನ್ನು ಎಳೆಯುತ್ತದೆ. ಒಂದೊಂದು ಗೆರೆಯ ಅಗಲ 49 ಮೈಕ್ರಾನ್, ತಲೆಗೂದಲಿಗಿಂತ ಕಿರಿದು. ಧ್ವನಿಗೆ ಇಷ್ಟು ಸಂಭ್ರಮ ಇಲ್ಲ. ಟೇಪಿನ ಮೇಲಂಚಿನಲ್ಲಿ ಒಂದು ಮಿಲಿಮೀಟರ್ ಪಟ್ಟಿ, ಅದರ ಮೇಲೆ ಅಲುಗಾಡದ ಒಂದು ಹೆಡ್, ಅಷ್ಟೆ. ಟೇಪ್ ಸಾಗುವ ವೇಗ ಸೆಕೆಂಡಿಗೆ 2.3 ಸೆಂಟಿಮೀಟರ್, ಅಂದರೆ ಹಾಡಿನ ಆಡಿಯೊ ಕ್ಯಾಸೆಟ್‌ನ ಅರ್ಧ. ಮದುವೆ ವಿಡಿಯೊದ ಮಾತು ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಡಿದಂತೆ ಕೇಳುವುದಕ್ಕೆ ಇದೇ ಕಾರಣ. ಕ್ಯಾಸೆಟ್ ಕೆಡುವಾಗ ಮೊದಲು ಮಡಚಿಕೊಳ್ಳುವುದೂ ಅಂಚೇ. ಚಿತ್ರ ಚೆನ್ನಾಗಿಯೇ ಇದ್ದು ಮಾತು ಮಾತ್ರ ಹೋಗಿರುವ ಕ್ಯಾಸೆಟ್‌ಗಳು ಹೀಗೆ ಆದವು.

ಸ್ವಲ್ಪ ಉತ್ತಮ ಕ್ಯಾಮೆರಾಗಳಲ್ಲಿ ಹೈಫೈ ಎಂಬ ಇನ್ನೊಂದು ಧ್ವನಿ ಇರುತ್ತಿತ್ತು. ಅದನ್ನು ದೃಶ್ಯದ ಗೆರೆಗಳ ಅಡಿಯಲ್ಲಿ, ಟೇಪಿನ ಲೇಪದ ಇನ್ನೂ ಆಳಕ್ಕೆ ಬರೆಯಲಾಗುತ್ತದೆ. ಮೂಲ ಟೇಪಿನ ಮೇಲೆಯೇ ಆಡಿಯೊ ಡಬ್ ಒತ್ತಿ ಹಾಡು ಸೇರಿಸಿದ್ದರೆ, ಬದಲಾದದ್ದು ಅಂಚಿನ ಪಟ್ಟಿ ಮಾತ್ರ. ಹೈಫೈ ಧ್ವನಿಯನ್ನು ದೃಶ್ಯ ಅಳಿಸದೆ ಅಳಿಸಲಾಗುವುದಿಲ್ಲ. ಕ್ಯಾಸೆಟ್ ಓಡಿಸುವ ಡೆಕ್ಕಿನಲ್ಲಿ ಹೈಫೈಗೆ ಬದಲಾಯಿಸಿದರೆ ಇಳಯರಾಜ ಮಾಯವಾಗಿ, ಅಡಿಯಿಂದ ಅಜ್ಜಿ ಮಾತಾಡಬಹುದು. ಇನ್ನೊಂದು ಕ್ಯಾಸೆಟ್‌ಗೆ ಪ್ರತಿ ಮಾಡಿಕೊಟ್ಟದ್ದರಲ್ಲಿ ಇದು ಆಗದು. ಸ್ಟುಡಿಯೊದವರಿಗೆ ಕೊಡುವಾಗ ‘ಎರಡೂ ಟ್ರ್ಯಾಕ್ ಕೇಳಿ ನೋಡಿ’ ಎಂದು ಹೇಳುವುದಕ್ಕೆ ಖರ್ಚೇನಿಲ್ಲ.

ಈಗ ಒಂದು ಕ್ಯಾಸೆಟ್ ಕೈಗೆತ್ತಿಕೊಳ್ಳಿ. ಪ್ಲೇಯರಿಗೆ ತುರುಕುವ ಮುಂಚೆ ಬೆಳಕಿಗೆ ಹಿಡಿದು ಮೇಲಿನ ಪಾರದರ್ಶಕ ಕಿಟಕಿಯಲ್ಲಿ ನೋಡಿ. ಸುತ್ತಿದ ಟೇಪಿನ ಮುಖ ಕಪ್ಪಗೆ, ನುಣ್ಣಗೆ ಹೊಳೆಯಬೇಕು. ಬಿಳಿ ಪುಡಿ, ನೂಲಿನೆಳೆಯಂಥ ಚುಕ್ಕಿ ಕಂಡರೆ ಫಂಗಸ್. ಕಣಿವೆಯ ಮನೆಗಳಲ್ಲಿ ಅಟ್ಟದ ಬಿಸಿಲ ಕಾವು ಒಂದು ಕಾಟ. ಗಡಿಯಾಚೆಯ ಏಲಕ್ಕಿ ತೋಟದ ಬಂಗಲೆಯಲ್ಲಿಟ್ಟ ಕ್ಯಾಸೆಟ್‌ಗೆ ಅದಕ್ಕಿಂತ ದೊಡ್ಡ ಕಾಟ ಮಳೆಗಾಲದ ತೇವ. ಫಂಗಸ್ ಇರುವ ಒಂದೇ ಒಂದು ಕ್ಯಾಸೆಟ್ ಓಡಿಸಿದರೆ ಹೆಡ್ ಮುಚ್ಚಿಹೋಗುತ್ತದೆ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗಳಿಗೂ ಹಬ್ಬುತ್ತದೆ. ಅಂಥವನ್ನು ಬೇರೆ ಡಬ್ಬಿಗೆ ಹಾಕಿ, ಒಣಗಿದ ಜಾಗದಲ್ಲಿಡಿ. ಮೂಗಿಗೆ ಮಾಸ್ಕ್ ಕಟ್ಟಿ ಬಯಲಿನಲ್ಲಿ ಒರೆಸಿ ಶುಚಿ ಮಾಡುವುದು ಅಭ್ಯಾಸ ಇದ್ದವರ ಕೆಲಸ.

ಕ್ಯಾಸೆಟ್ ಡಬ್ಬಿ ಒಡೆದಿದ್ದರೆ, ಸ್ಪ್ರಿಂಗ್ ಹೋಗಿದ್ದರೆ ಹೆದರಬೇಕಿಲ್ಲ. ತಳದಲ್ಲಿ ಐದು ಸ್ಕ್ರೂ ಇವೆ. ಕೆಲಸಕ್ಕೆ ಬಾರದ ಹಳೆಯ ಸಿನಿಮಾ ಕ್ಯಾಸೆಟ್ ಒಂದನ್ನು ಬಿಚ್ಚಿ, ಅದರ ಡಬ್ಬಿಗೆ ಈ ಎರಡು ಸುರುಳಿಗಳನ್ನು ವರ್ಗಾಯಿಸಬಹುದು. ಟೇಪ್ ಯಾವ ಕಂಬಿಯ ಒಳಗಿಂದ, ಯಾವುದರ ಹೊರಗಿಂದ ಬರುತ್ತದೆ ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಬೆನ್ನಿನ ಕಡೆಯ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿಯದೆ ಉಳಿದಿದ್ದರೆ ಅದನ್ನು ಮೊದಲು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಆಗ ಏನೂ ಅಳಿಸುವುದಿಲ್ಲ.

ಟೇಪಿನ ಕಾಂತೀಯ ಗುರುತು ದಿನದಿನಕ್ಕೆ ಆವಿಯಾಗಿ ಹೋಗುತ್ತಿದೆ ಎಂದು ಡಿಜಿಟಲ್ ಮಾಡಿಕೊಡುವ ಅಂಗಡಿಗಳು ಹೆದರಿಸುವುದುಂಟು. ಅಷ್ಟು ಅವಸರ ಅದಕ್ಕಿಲ್ಲ. ಲೇಪವನ್ನು ಹಿಡಿದಿಡುವ ಅಂಟು ತೇವ ಹೀರಿ ಮಳೆಗಾಲದ ಬೆಲ್ಲದ ಹಾಗೆ ಜಿಗುಟಾಗುವ ರೋಗ ಸ್ಟುಡಿಯೊಗಳ ಹಳೆಯ ಆಡಿಯೊ ರೀಲುಗಳಲ್ಲಿ ಕಂಡಷ್ಟು ವಿಎಚ್‌ಎಸ್‌ನಲ್ಲಿ ಕಾಣುವುದಿಲ್ಲ. ನಿಜವಾಗಿ ಮುಗಿಯುತ್ತಿರುವುದು ಪ್ಲೇಯರ್. ಜಪಾನಿನ ಫುನಾಯ್ ಕಂಪನಿ ಜಗತ್ತಿನ ಕೊನೆಯ ವಿಸಿಆರ್ ತಯಾರಿಕೆಯನ್ನು 2016ರ ಜುಲೈನಲ್ಲಿ ನಿಲ್ಲಿಸಿತು. ಯುನೆಸ್ಕೊ ಮತ್ತು ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘಟನೆ 2019ರಲ್ಲಿ ಟೇಪ್ ಎಚ್ಚರಿಕೆ ಎಂಬ ಯೋಜನೆ ಶುರುಮಾಡಿದ್ದೂ, ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ದಫ್ತರಖಾನೆ 2025ನ್ನು ಗಡುವು ಎಂದು ಮೊದಲೇ ಕೂಗಿ ಹೇಳಿದ್ದೂ ಇದೇ ಕಾರಣಕ್ಕೆ: ಯಂತ್ರ ಸಿಗದು, ಬಿಡಿಭಾಗ ಸಿಗದು, ರಿಪೇರಿ ಬಲ್ಲವರು ಸಿಗರು. ಗಡುವು ಆಗಲೇ ಬಂದಿದೆ.

ಆದ್ದರಿಂದ ಮೊದಲ ಖರ್ಚು ಒಂದು ಒಳ್ಳೆಯ ಡೆಕ್. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಹಳೆಯ ಸಾಮಾನಿನ ಜಾಲತಾಣಗಳು, ಬಾಗಿಲು ಹಾಕಿದ ಸ್ಟುಡಿಯೊಗಳ ಗೋದಾಮು, ಎಲ್ಲ ಕಡೆ ಕೇಳಬೇಕು. ಸಿಕ್ಕ ಡೆಕ್ಕಿನಲ್ಲಿ ರಬ್ಬರ್ ಬೆಲ್ಟ್ ಸಡಿಲಾಗಿರುತ್ತದೆ, ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಉರುಳೆ ಗಟ್ಟಿಯಾಗಿರುತ್ತದೆ. ಹೆಡ್ ಶುಚಿ ಮಾಡುವುದು ಹೀಗೆ: ನಯವಾದ ಕಾಗದವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಉರುಳೆಗೆ ಮೆಲ್ಲಗೆ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಉರುಳೆಯನ್ನು ತಿರುಗಿಸಬೇಕು. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿದೇ ಹೋಗುತ್ತದೆ. ಅಮೆರಿಕದಲ್ಲಿರುವ ನೆಂಟರು ಕಳಿಸಿದ ಕ್ಯಾಸೆಟ್ ಇದ್ದರೆ ಅದು ಎನ್‌ಟಿಎಸ್‌ಸಿ ಪದ್ಧತಿಯದು, ನಮ್ಮದು ಪಾಲ್. ಎರಡೂ ಓದುವ ಡೆಕ್ ಬೇಕಾಗುತ್ತದೆ.

ಡೆಕ್ಕಿಗೂ ಕಂಪ್ಯೂಟರಿಗೂ ನಡುವೆ ಒಂದು ಕ್ಯಾಪ್ಚರ್ ಸಾಧನ ಇರುತ್ತದೆ. ಐನೂರು ರೂಪಾಯಿಯ ಯುಎಸ್‌ಬಿ ಕಡ್ಡಿಯೂ ಕೆಲಸ ಮಾಡುತ್ತದೆ, ಆದರೆ ಟೇಪಿನ ಸಂಕೇತ ಒಂದು ಕ್ಷಣ ಕುಂಟಿದರೂ ಅದು ನಾಲ್ಕಾರು ಚೌಕಟ್ಟುಗಳನ್ನು ನುಂಗಿಬಿಡುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ತುಟಿಯ ಚಲನೆ ಮುಂದೆ, ಮಾತು ಹಿಂದೆ. ಹಳೆಯ ಟೇಪಿನಲ್ಲಿ ಚಿತ್ರದ ಒಂದೊಂದು ಸಾಲೂ ಬರಬೇಕಾದ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಮಂಟಪದ ನೇರ ಕಂಬ ಓಲಾಡುವುದು, ಪರದೆಯ ಮೇಲ್ಭಾಗ ಬಾವುಟದ ಹಾಗೆ ಬಾಗುವುದು ಇದರಿಂದಲೇ. ಇದನ್ನು ತಿದ್ದಲು ಟೈಮ್ ಬೇಸ್ ಕರೆಕ್ಟರ್ ಬೇಕು. ಅದು ಸಾಲುಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು ಸರಿಯಾದ ಅಂತರದಲ್ಲಿ ಬಿಡುತ್ತದೆ. ಕೆಲವು ಒಳ್ಳೆಯ ಎಸ್-ವಿಎಚ್‌ಎಸ್ ಡೆಕ್‌ಗಳಲ್ಲಿ ಅದು ಒಳಗೇ ಇರುತ್ತದೆ. ಇನ್ನೊಂದು ಎಚ್ಚರ ಬೆಳಕಿನದು: ಹ್ಯಾಲೊಜನ್ ಲೈಟಿನ ಅಡಿಯಲ್ಲಿ ಬಿಳಿ ಪಂಚೆ, ಜರತಾರಿ ಸೀರೆ ಟೇಪಿನಲ್ಲೇ ಮಿತಿ ಮೀರಿ ಹೊಳೆಯುತ್ತವೆ. ಕ್ಯಾಪ್ಚರ್ ಮಾಡುವಾಗ ಹೊಳಪು ತಗ್ಗಿಸದಿದ್ದರೆ ಸೀರೆಯ ಅಂಚು ಬರೀ ಬಿಳಿ ಪಟ್ಟಿಯಾಗಿ, ಎಂದೆಂದಿಗೂ ಹಾಗೇ ಉಳಿಯುತ್ತದೆ.

ಮಾತಿಗಾಗಿ ಮಾಡಬೇಕಾದದ್ದು ಚಿಕ್ಕದು, ಅದನ್ನೇ ಯಾರೂ ಮಾಡುವುದಿಲ್ಲ. ಧ್ವನಿಯ ಹೆಡ್ಡಿನ ಓರೆಯನ್ನು ಒಂದು ಪುಟ್ಟ ಸ್ಕ್ರೂ ತಿರುಗಿಸಿ ಆಯಾ ಕ್ಯಾಸೆಟ್‌ಗೆ ಹೊಂದಿಸಿದರೆ ಮಂಕಾದ ಮಾತು ತಟಕ್ಕನೆ ತಿಳಿಯಾಗುತ್ತದೆ. ಬಲ್ಲ ಮೆಕ್ಯಾನಿಕ್‌ಗೆ ಇದು ಎರಡು ನಿಮಿಷದ ಕೆಲಸ. ಧ್ವನಿಯನ್ನು ಒತ್ತಿ ಕಿರಿದು ಮಾಡದೆ 48 ಕಿಲೊಹರ್ಟ್ಸ್‌ನಲ್ಲಿ ಹಾಗೇ ಉಳಿಸಬೇಕು. ಗುಂಯ್‌ಗುಡುವ ಸದ್ದು ತೆಗೆಯುತ್ತೇನೆಂದು ಹೊರಟ ಸಾಫ್ಟ್‌ವೇರ್ ಹಿಂದೆ ಪಿಸುಗುಟ್ಟುವ ಮಾತನ್ನೂ ಗುಡಿಸಿ ಹಾಕುತ್ತದೆ. ತೆಗೆಯುವುದಾದರೆ ಪ್ರತಿಯೊಂದರಲ್ಲಿ ತೆಗೆಯಿರಿ, ಮೂಲ ಕಡತವನ್ನು ಮುಟ್ಟಬೇಡಿ. ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಹೊಚ್ಚ ಹೊಸದು ಮಾಡಿಕೊಡುವವರಿಗೂ ಇದೇ ಮಾತು. ಮಸುಕು ಮುಖಕ್ಕೆ ಅದು ತನ್ನ ಊಹೆಯ ಕಣ್ಣು, ತನ್ನ ಊಹೆಯ ಹಲ್ಲು ತುಂಬುತ್ತದೆ. ನೋಡಲು ಚೆಂದವೇ, ಅಜ್ಜಿ ಮಾತ್ರ ನಮ್ಮ ಅಜ್ಜಿಯಾಗಿ ಉಳಿದಿರುವುದಿಲ್ಲ.

ದೊಡ್ಡ ಸಂಗ್ರಹದ ನಿಜವಾದ ಶತ್ರು ಸಮಯ. ವಿಡಿಯೊ ಟೇಪನ್ನು ಓಡುವ ವೇಗದಲ್ಲೇ ಓಡಿಸಬೇಕು, ಅಡ್ಡದಾರಿ ಇಲ್ಲ. ಮೂರು ಗಂಟೆಯ 200 ಕ್ಯಾಸೆಟ್ ಎಂದರೆ 600 ಗಂಟೆ. ದಿನಕ್ಕೆ ನಾಲ್ಕು ಗಂಟೆ ಕೂತರೂ 150 ದಿನ. ಜಾಗದ ಲೆಕ್ಕವೂ ಹಾಗೆಯೇ. ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್, ಒಟ್ಟು ಎಂಟು ಟೆರಾಬೈಟ್‌ಗೆ ಹತ್ತಿರ. ಏನೂ ಕಳೆದುಕೊಳ್ಳದ ಎಫ್‌ಎಫ್‌ವಿ1 ರೂಪ ಬೇಕೆಂದರೆ ಅದರ ಎರಡು ಮೂರು ಪಟ್ಟು. ಮೊಬೈಲಿನಲ್ಲಿ ನೋಡಿಕೊಳ್ಳುವ ಚಿಕ್ಕ ಪ್ರತಿ ಬೇರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮರಿಯನ್ ಸ್ಟೋಕ್ಸ್ ಎಂಬ ಗ್ರಂಥಪಾಲಕಿ 2012ರಲ್ಲಿ ತೀರಿಕೊಳ್ಳುವ ತನಕ ದಶಕಗಟ್ಟಲೆ ಹಗಲೂ ರಾತ್ರಿ ಟಿವಿ ಸುದ್ದಿಯನ್ನು ಟೇಪ್ ಮಾಡಿಟ್ಟು ಸುಮಾರು 70 ಸಾವಿರ ಕ್ಯಾಸೆಟ್ ಬಿಟ್ಟುಹೋದರು. ಅವನ್ನು ತೆಗೆದುಕೊಳ್ಳಲು ಇಂಟರ್ನೆಟ್ ಆರ್ಕೈವ್ ಇತ್ತು. ಕಂಬಂನ 200 ಕ್ಯಾಸೆಟ್‌ಗೆ ಇರುವುದು ರಜಕ್ಕೆ ಬಂದ ಒಬ್ಬ ಮೊಮ್ಮಗ.

ಅವನಿಗೆ ನಾನು ಹೇಳುವುದು: ಎಲ್ಲವನ್ನೂ ಮಾಡಲು ಹೋಗಿ ಹತ್ತಕ್ಕೇ ಸುಸ್ತಾಗಬೇಡ. ಟಿವಿಯಿಂದ ಹಿಡಿದ ಸಿನಿಮಾ, ಕ್ರಿಕೆಟ್ ಮ್ಯಾಚ್ ಕೊನೆಗಿರಲಿ. ಹಾಡು ಹಾಕಿದ ಮದುವೆ ಅದಕ್ಕಿಂತ ಮುಂದೆ. ಎಲ್ಲಕ್ಕಿಂತ ಮೊದಲು ಬಿಳಿ ಚೀಟಿಯ ಮೂಲ ಕ್ಯಾಸೆಟ್, ಊರ ಹಬ್ಬ, ಮಾಟ್ಟು ಪೊಂಗಲ್ ದಿನ ತಂಬಿರಾನ್ ಕೊಟ್ಟಿಗೆಯ ಮುಂದೆ ನೆಂಟರೆಲ್ಲ ಸೇರಿದ್ದು, ತೀರಿಕೊಂಡ ಹಿರಿಯರು ಮಾತಾಡಿದ್ದು. ಒಂದೊಂದಕ್ಕೂ ನಂಬರು ಕೊಟ್ಟು ನೋಟ್‌ಬುಕ್ಕಿನಲ್ಲಿ ಬರೆ. ಕಡತದ ಹೆಸರಲ್ಲೂ ಅದೇ ನಂಬರು ಇರಲಿ.

ಆಮೇಲಿನ ಕೆಲಸ ಹಿರಿಯರ ಜೊತೆ ಕೂತು ಮಾಡುವಂಥದು. ಮುಖ ಗುರುತಿಸಿ ಹೆಸರು ಹೇಳಬಲ್ಲವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಟಿವಿಯಲ್ಲಿ ಹಾಕಿ ತೋರಿಸುವಾಗ ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಓಡಲಿ. ಇವಳು ಯಾರ ಮಗಳು, ಆ ಕೆಂಪು ಸೀರೆಯವಳು ಯಾವ ಊರಿಗೆ ಹೋದಳು, ಆ ವರ್ಷ ಮಳೆ ಹೇಗಿತ್ತು, ಯಾರಿಗೂ ಯಾರಿಗೂ ಮಾತು ಬಿಟ್ಟಿತ್ತು ಎಂದು ಅವರು ತಮ್ಮ ಕನ್ನಡದಲ್ಲೇ ಹೇಳುತ್ತ ಹೋಗುತ್ತಾರೆ. ಹಾಡು ಹಾಕಿ ಮಾತು ಅಳಿಸಿದ ಕ್ಯಾಸೆಟ್ ಕೂಡ ಇಲ್ಲಿ ಉಪಯೋಗಕ್ಕೆ ಬರುತ್ತದೆ: ತೆರೆಯ ಮೇಲಿನವರು ಮೂಕರಾದರೂ ನೋಡುತ್ತಿರುವವರು ಮೂಕರಲ್ಲವಲ್ಲ. ಈ ಎರಡನೆಯ ಧ್ವನಿಮುದ್ರಿಕೆ ಮೊದಲಿನದಕ್ಕಿಂತ ಬೆಲೆಯುಳ್ಳದ್ದಾದರೆ ಆಶ್ಚರ್ಯವಿಲ್ಲ.

ಎಲ್ಲವನ್ನೂ ಯೂಟ್ಯೂಬಿಗೆ ಹಾಕಿ ಕೈ ತೊಳೆದುಕೊಳ್ಳುವ ಯೋಚನೆ ಬೇಡ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳಿದರೆ ಹಕ್ಕುಸ್ವಾಮ್ಯದ ಹೆಸರಲ್ಲಿ ಅಲ್ಲಿ ಧ್ವನಿಯನ್ನೇ ಮುಚ್ಚಬಹುದು. ನಮಗೆ ಬೇಕಾದದ್ದು ಧ್ವನಿಯೇ. ಇನ್ನೂ ದೊಡ್ಡ ಮಾತೆಂದರೆ, ದೊಡ್ಡವಳಾದ ಸಮಾರಂಭದಲ್ಲಿ ಹದಿಮೂರರ ಹುಡುಗಿಯಾಗಿ ಕೂತವಳು ಈಗ ನಲವತ್ತೈದರ ಗೃಹಿಣಿಯೋ ಅಧಿಕಾರಿಯೋ ಆಗಿದ್ದಾಳೆ. ಮುರಿದುಹೋದ ಮದುವೆಗಳ ಕ್ಯಾಸೆಟ್‌ಗಳೂ ಆ ರಾಶಿಯಲ್ಲಿವೆ. ತೆರೆಯ ಮೇಲಿರುವವರನ್ನು ಕೇಳದೆ ಹೊರಗೆ ಹಾಕುವಂತಿಲ್ಲ. ಮನೆಯೊಳಗೆ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಬೇರೆ ಊರಲ್ಲಿರಲಿ. 2005ರ ಸುಮಾರಿಗೆ ಡಿವಿಡಿ ಮಾಡಿಸಿದ್ದೇವೆ ಎಂದು ನೆಮ್ಮದಿಯಾಗಿರುವವರು ಇವತ್ತೇ ಆ ಡಿವಿಡಿ ಹಾಕಿ ನೋಡಿ. ಅಗ್ಗದ ಡಿಸ್ಕ್‌ಗಳು ಟೇಪಿಗಿಂತ ಮೊದಲೇ ಸಾಯುತ್ತವೆ. ಅಂಥವರು ಟೇಪನ್ನೂ ಎಸೆದಿದ್ದರೆ ಅಲ್ಲಿಗೆ ಮುಗಿಯಿತು. ಡಿಜಿಟಲ್ ಆದ ಮೇಲೂ ಟೇಪನ್ನು ಒಣಜಾಗದಲ್ಲಿ ನಿಲ್ಲಿಸಿ ಇಟ್ಟುಕೊಳ್ಳಿ. ಸುಧಾರಿಸಿದ ವಿಧಾನ ಬಂದಾಗ ಮತ್ತೆ ಓಡಿಸಬಹುದು. ಹೆಡ್ಡಿನಿಂದ ಬರುವ ಕಚ್ಚಾ ಸಂಕೇತವನ್ನೇ ಹಿಡಿದು, ಉಳಿದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಬಿಡಿಸುವ ವಿಧಾನವನ್ನು ಜಗತ್ತಿನ ಹವ್ಯಾಸಿಗಳು ಆಗಲೇ ರೂಪಿಸಿಕೊಂಡಿದ್ದಾರೆ.

ಮನೆಯವರು ಒಪ್ಪಿದ ಭಾಗಗಳಿಗೆ ಒಂದು ಸಾರ್ವಜನಿಕ ಜಾಗ ಬೇಕು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ. ಹೊರನಾಡ ಕನ್ನಡಿಗರಿಗೆಂದು ಸಮ್ಮೇಳನ, ಶಾಲು, ಫಲಕಕ್ಕೆ ಹಣ ಕೊಡುವ ಕರ್ನಾಟಕ ಸರ್ಕಾರ, ರಿಪೇರಿಯಾದ ಎರಡು ಡೆಕ್, ಒಂದು ಕಂಪ್ಯೂಟರ್, ಆ ಭಾಗದ ಕನ್ನಡ ಬಲ್ಲ ಇಬ್ಬರು ಯುವಕರನ್ನು ಒಂದು ವರ್ಷದ ಮಟ್ಟಿಗೆ ತೇನಿಗೆ ಕಳಿಸಲಿ. ಒಂದು ಸಮ್ಮೇಳನದ ಊಟದ ಖರ್ಚಿಗಿಂತ ಇದು ಕಡಿಮೆ.

ಈ ಲೇಖನ ಓದುವವರಲ್ಲಿ ಕಂಬಂ, ಬೋಡಿ, ದಿಂಡುಗಲ್ ಕಡೆ ಬಳಗ, ಸ್ನೇಹಿತರು, ಏಲಕ್ಕಿ ವ್ಯಾಪಾರದ ಪರಿಚಯ ಇರುವವರು ಇದ್ದೇ ಇರುತ್ತೀರಿ. ಮುಂದಿನ ಬಾರಿ ಫೋನ್ ಮಾಡಿದಾಗ ಒಂದು ಮಾತು ಹೇಳಿ: ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬೇಡಿ, ಅದರಲ್ಲೂ ಬಿಳಿ ಚೀಟಿ ಅಂಟಿಸಿದವನ್ನು.